ಆಪರೇಷನ್ ಆದ ಮೇಲೆ ಮನೆಯಲ್ಲಿ ಯಾರು ನೋಡಿಕೊಳ್ಳುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಮ್ಮನಿಗೆ 68ನೇ ವಯಸ್ಸಿನಲ್ಲಿ ಬಲಗಾಲಿನ ಮಂಡಿ ಬದಲಾಯಿಸುವ ಆಪರೇಷನ್ ಆಯಿತು. ಅದು ಎರಡು ಗಂಟೆಯಲ್ಲಿ ಮುಗಿಯಿತು. ಮನೆಯ ಆರೈಕೆ ಎರಡೂವರೆ ತಿಂಗಳು ನಡೆಯಿತು. ಆಪರೇಷನ್ ಬಗ್ಗೆ ಮೂರು ಡಾಕ್ಟರ್ ಹತ್ತಿರ ವಿಚಾರಿಸಿದ್ದೆವು. ಆರೈಕೆ ಬಗ್ಗೆ ಮನೆಯವರೆಲ್ಲ ಕೂತು ಐದು ನಿಮಿಷವೂ ಮಾತಾಡಿರಲಿಲ್ಲ. ಆಮೇಲೆ ನೆಂಟರು, ಆಫೀಸಿನವರು ಫೋನ್ ಮಾಡಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಮಂಡಿ ಆಪರೇಷನ್ನಿನವು. ಹರ್ನಿಯಾ, ಗರ್ಭಕೋಶ, ಹಾರ್ಟ್ ಆಪರೇಷನ್ ಆದವರ ಮನೆಗೂ ಅರ್ಧಕ್ಕಿಂತ ಜಾಸ್ತಿ ಹೊಂದುತ್ತದೆ. ಮಾತ್ರೆ, ವ್ಯಾಯಾಮದ ವಿಷಯದಲ್ಲಿ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಎಷ್ಟು ದಿನ ಮುಂಚೆ ಏರ್ಪಾಡು ಶುರು ಮಾಡಬೇಕು?

ತುರ್ತಾಗಿ ಮಾಡಿಸಬೇಕಾದ ಆಪರೇಷನ್ ಅಲ್ಲದಿದ್ದರೆ ಒಂದು ತಿಂಗಳು ಮುಂಚೆ. ತಾರೀಖು ಇಡುವಾಗ ನಾವು ಅಮಾವಾಸ್ಯೆ, ರಾಹುಕಾಲ ನೋಡುತ್ತೇವೆ. ನೋಡಲಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಯಾರಿಗೆ ಯಾವಾಗ ರಜೆ ಇದೆ ಅಂತಲೂ ನೋಡಿ. ದಸರಾ ರಜೆ, ಏಪ್ರಿಲ್-ಮೇ ರಜೆಯಲ್ಲಿ ಟೀಚರ್ ಕೆಲಸದಲ್ಲಿರುವವರು ಮನೆಯಲ್ಲಿರುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಗಡಿಬಿಡಿ ಇರುವುದಿಲ್ಲ. ನಮ್ಮ ಅತ್ತಿಗೆ ಹೈಸ್ಕೂಲ್ ಟೀಚರ್. ನಾವು ಹುಡುಕಿ ಹುಡುಕಿ ಫೆಬ್ರವರಿಯಲ್ಲಿ ಮಾಡಿಸಿದೆವು, ಸರಿಯಾಗಿ ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆ ತಯಾರಿ ಹೊತ್ತಿಗೆ!

ಬರುತ್ತೇವೆ ಅಂತ ಎಲ್ಲರೂ ಹೇಳಿದ್ದಾರೆ. ಅಷ್ಟು ಸಾಲದಾ?

ಸಾಲದು. "ಏನಾದ್ರೂ ಬೇಕಿದ್ರೆ ಹೇಳಪ್ಪಾ" ಅಂದವರು ನಮಗೆ ಕಮ್ಮಿ ಅಂದರೂ ಇಪ್ಪತ್ತು ಜನ. ಅವರ ಮನಸ್ಸು ಒಳ್ಳೆಯದೇ. ಆದರೆ ಏನು ಬೇಕು ಅಂತ ನಮಗೇ ಗೊತ್ತಿರಲಿಲ್ಲ, ಇನ್ನು ಹೇಳುವುದು ಹೇಗೆ?

ಬಾಣಂತನಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ, ಅಲ್ವಾ? ಯಾರ ಮನೆಯಲ್ಲಿ, ಎಷ್ಟು ತಿಂಗಳು, ಎಣ್ಣೆ ಹಚ್ಚಿ ನೀರು ಹಾಕುವವರು ಯಾರು, ಖಾರ ಪುಡಿ ಮಾಡುವವರು ಯಾರು, ಎಲ್ಲ ಏಳನೇ ತಿಂಗಳಲ್ಲೇ ಮಾತಾಗಿರುತ್ತದೆ. ಆಪರೇಷನ್ ಆದವರಿಗೆ ಅಂಥ ಕ್ರಮ ಇಲ್ಲ. ಹಾಗಾಗಿ ನಾವೇ ಮಾಡಿಕೊಳ್ಳಬೇಕು.

ನಾವು ತಡವಾಗಿ ಕಲಿತದ್ದು ಇಷ್ಟು: ಜನರನ್ನು ಲೆಕ್ಕ ಹಾಕಬೇಡಿ, ಕೆಲಸವನ್ನು ಲೆಕ್ಕ ಹಾಕಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬೆಳಿಗ್ಗೆ ಆರರಿಂದ ಮಾರನೇ ಬೆಳಿಗ್ಗೆ ಆರರ ತನಕ ಗಂಟೆ ಬರೆಯಿರಿ. ಪ್ರತಿ ಗಂಟೆಯ ಮುಂದೆ ಏನಾಗಬೇಕು ಅಂತ ಬರೆಯಿರಿ. ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ತಿಂಡಿ, ಮಾತ್ರೆ, ವ್ಯಾಯಾಮ, ಐಸ್ ಇಡುವುದು, ಮೆಡಿಕಲ್ ಶಾಪು, ಅಪ್ಪನ ಊಟ (ಇದನ್ನು ಎಲ್ಲರೂ ಮರೆಯುತ್ತಾರೆ), ಗ್ಯಾಸ್ ಬುಕಿಂಗ್, ಹೂವಿನವಳಿಗೆ ದುಡ್ಡು. ಆಮೇಲೆ ಒಂದೊಂದರ ಮುಂದೆ ಹೆಸರು ಬರೆಯಿರಿ. ಎರಡು ಹೆಸರಿದ್ದರೆ ಇನ್ನೂ ಒಳ್ಳೆಯದು. ಯಾವ ಹೆಸರು ಜಾಸ್ತಿ ಸಲ ಬಂತು ಅಂತ ಎಣಿಸಿ. ನಮ್ಮ ಹಾಳೆಯಲ್ಲಿ ಅತ್ತಿಗೆ ಹೆಸರು ಹದಿನಾಲ್ಕು ಸಲ, ಅಣ್ಣನದು ಎರಡು ಸಲ, ನನ್ನದು ಒಂದು ಸಲ. ಆ ಒಂದು ಕೂಡ "ಹಣ" ಅನ್ನುವ ಸಾಲಿನ ಮುಂದೆ.

ಯಾವ ವಾರ ಜಾಸ್ತಿ ಕಷ್ಟ?

ಎಲ್ಲರೂ ಮೊದಲ ವಾರ ಅಂದುಕೊಳ್ಳುತ್ತಾರೆ. ಮೊದಲ ಮೂರ್ನಾಲ್ಕು ದಿನ ಆಸ್ಪತ್ರೆಯಲ್ಲೇ ಕಳೆಯುತ್ತದೆ. ಅಲ್ಲಿ ನರ್ಸ್ ಇದ್ದಾರೆ, ಕರೆದರೆ ಬರುತ್ತಾರೆ. ಡಿಸ್ಚಾರ್ಜ್ ಆದ ಮೇಲೂ ನಾಲ್ಕೈದು ದಿನ ಮನೆ ತುಂಬ ಜನ. ಕಷ್ಟ ಬರುವುದು ಎರಡನೇ ವಾರದ ಕೊನೆಗೆ. ಹೊಲಿಗೆ ಅಥವಾ ಪಿನ್ ಬಿಚ್ಚುವುದು ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ. ಅದಾದ ಕೂಡಲೇ "ಇನ್ನೇನು, ಹುಷಾರಾದರು" ಅಂತ ಎಲ್ಲರೂ ಊರಿಗೆ ಹೊರಡುತ್ತಾರೆ. ಆದರೆ ಕೈಯಲ್ಲಿ ವಾಕರ್ ಇನ್ನೂ ಇರುತ್ತದೆ, ಕೆಲವರಿಗೆ ಆರು ವಾರದ ತನಕವೂ ಬೇಕಾಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ಮಂಡಿ ಬಗ್ಗಿಸುವ ವ್ಯಾಯಾಮ ಗಟ್ಟಿಯಾಗಿ ನಡೆಯಬೇಕಾದ್ದೂ ಆಗಲೇ.

ಅದಕ್ಕೇ ಬರುವವರನ್ನು ಸಾಲಾಗಿ ಬರಲು ಹೇಳಿ. ಚಿಕ್ಕಮ್ಮ ತಿಪಟೂರಿನಿಂದ ಮೊದಲ ದಿನವೇ ಬರುತ್ತೇನೆ ಅಂದರು. "ಚಿಕ್ಕಮ್ಮ, ನೀವು ಮೂರನೇ ವಾರ ಬನ್ನಿ" ಅಂದಾಗ ಸ್ವಲ್ಪ ಮುನಿಸಿಕೊಂಡರು. ಬಂದ ಮೇಲೆ ಅವರೇ "ಈಗ ಬಂದಿದ್ದೇ ಸರಿಯಾಯ್ತು" ಅಂದರು.

ಎಲ್ಲ ಸೊಸೆ ಮೇಲೆ ಬೀಳುತ್ತದೆ. ಏನು ಮಾಡುವುದು?

ಹನ್ನೆರಡನೇ ದಿನ ನಾನು ಬೆಂಗಳೂರಿನಿಂದ ತುಮಕೂರಿಗೆ ಹೋದಾಗ ಕುಕ್ಕರ್ ಕೂಗುತ್ತಲೇ ಇತ್ತು. ಅಡುಗೆಮನೆಗೆ ಹೋಗಿ ನೋಡಿದರೆ ಅತ್ತಿಗೆ ನೆಲದ ಮೇಲೆ ಈಳಿಗೆಮಣೆ ಪಕ್ಕ, ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದರು. ಮಡಿಲಲ್ಲಿ ಅರ್ಧ ಬಿಡಿಸಿದ ಅವರೆಕಾಯಿ. ಎಷ್ಟು ಸೀಟಿ ಆಯಿತೋ ದೇವರೇ ಬಲ್ಲ. ನಾನು ಸ್ಟವ್ ಆರಿಸಿದ ಸದ್ದಿಗೆ ಬೆಚ್ಚಿ ಎದ್ದು ಮೊದಲು ಕೇಳಿದ್ದು, "ಅತ್ತೆಗೆ ಮಾತ್ರೆ ಟೈಮ್ ಆಯ್ತಾ?"

ಅವತ್ತೇ ರಾತ್ರಿ ಆ ಹಾಳೆ ಮತ್ತೆ ಬರೆದೆವು. ರಾತ್ರಿ ಪಾಳಿ ಅಣ್ಣನಿಗೆ ಹೋಯಿತು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆ ತನಕ ಪೂರ್ತಿ ನನ್ನದು. ಆ ಎರಡೂವರೆ ದಿನ ಅತ್ತಿಗೆ ಬೇಕಿದ್ದರೆ ತವರಿಗೆ ಹೋಗಬಹುದು, ಮಲಗಬಹುದು, ಯಾರೂ ಏನೂ ಕೇಳುವ ಹಾಗಿಲ್ಲ. ಮಧ್ಯಾಹ್ನದ ಊಟಕ್ಕೆ ಪಕ್ಕದ ಬೀದಿಯ ಮೆಸ್ಸಿನಿಂದ ಕ್ಯಾರಿಯರ್ ಹೇಳಿದೆವು. ಅಮ್ಮ ಮೂಗು ಮುರಿದಳು, ಆದರೂ ತಿಂದಳು.

"ನಿಮಗೆ ಕಷ್ಟ ಆಗ್ತಿದೆಯಾ" ಅಂತ ಸೊಸೆಯನ್ನು ಅತ್ತೆ ಎದುರಿಗೆ ಕೇಳಬೇಡಿ. ಯಾರು ತಾನೇ ಹೂಂ ಅಂದಾರು? ಕೇಳದೆಯೇ ಒಂದು ಕೆಲಸ ಅವರ ಕೈಯಿಂದ ತೆಗೆದುಕೊಳ್ಳಿ.

ಸ್ನಾನ, ಟಾಯ್ಲೆಟ್‌ಗೆ ಮಗನ ಸಹಾಯ ಬೇಡ ಅನ್ನುತ್ತಾರೆ. ಹೇಗೆ?

ಅವರಿಗೆ ಸಂಕೋಚ ಆಗುತ್ತದೆ. ಬಲವಂತ ಮಾಡಬೇಡಿ. ಅಮ್ಮ ರಾತ್ರಿ ನನ್ನನ್ನು ಎಬ್ಬಿಸಬಾರದು ಅಂತ ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮೂರು ದಿನ ಆದ ಮೇಲೆ ಗೊತ್ತಾಯಿತು. ನೀರು ಕಮ್ಮಿಯಾದರೆ ಮಲಬದ್ಧತೆ, ಮೂತ್ರದಲ್ಲಿ ಉರಿ, ತಲೆ ಸುತ್ತು, ಎಲ್ಲ ಸಾಲಾಗಿ ಬರುತ್ತವೆ.

ನಮಗೆ ಕೈಹಿಡಿದದ್ದು ಕಮೋಡ್ ಚೇರ್, ಅಂದರೆ ಕೂತಲ್ಲೇ ಟಾಯ್ಲೆಟ್ ಮುಗಿಸಬಹುದಾದ ಕುರ್ಚಿ. ಮಂಚದ ಪಕ್ಕದಲ್ಲೇ ಇಟ್ಟು, ಸೀರೆಯೊಂದನ್ನು ಪರದೆ ಕಟ್ಟಿದೆವು. ಎದ್ದು ಕೂರುವ ತನಕ ನಾನು, ಆಮೇಲೆ ಬಾಗಿಲ ಹೊರಗೆ. ಸೀರೆ ಬಿಟ್ಟು ಮುಂದೆ ಗುಂಡಿ ಇರುವ ಸಡಿಲ ನೈಟಿ ಹಾಕಿಸಿ, ಅರ್ಧ ಕೆಲಸ ಸುಲಭ. ಸ್ನಾನಕ್ಕೆ ಬೆಳಿಗ್ಗೆ ಒಂದು ಗಂಟೆ ಬಂದು ಹೋಗುವ ಹೆಂಗಸೊಬ್ಬರನ್ನು ಗೊತ್ತು ಮಾಡಿಕೊಂಡೆವು. ಗಾಯ ಒದ್ದೆಯಾಗಬಾರದು ಅಂತ ಡಾಕ್ಟರ್ ಹೇಳಿದಷ್ಟು ದಿನ ಮೈ ಒರೆಸಿದರೆ ಸಾಕು.

ಕರೆಯಲು ದೇವರ ಮನೆಯ ಗಂಟೆಯನ್ನು ಅಮ್ಮನ ತಲೆದಿಂಬಿನ ಹತ್ತಿರ ಇಟ್ಟಿದ್ದೆವು. ಮೊಬೈಲ್‌ಗಿಂತ ಅದೇ ವಾಸಿ, ಚಾರ್ಜ್ ಮುಗಿಯುವುದಿಲ್ಲ.

ಅಪ್ಪನಿಗೂ ವಯಸ್ಸಾಗಿದೆ. ಅವರಿಗೆ ಏನು ಕೆಲಸ ಕೊಡುವುದು?

ಮಾತ್ರೆ ಲೆಕ್ಕ. ನಿವೃತ್ತರಾದ ಗುಮಾಸ್ತರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ನಮ್ಮಪ್ಪ ಉದ್ದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮಾತ್ರೆ ಹೆಸರು, ಕೊಟ್ಟ ಸಮಯ, ಜ್ವರ, ಬಿಪಿ, ಶುಗರ್ ಬರೆದರು. ಡಾಕ್ಟರ್ ಆ ಪುಸ್ತಕ ನೋಡಿ ನಕ್ಕರು, ಆದರೆ ಪೂರ್ತಿ ಓದಿದರು. ಎತ್ತುವುದು, ಹಿಡಿಯುವುದು ಮಾತ್ರ ಅಪ್ಪನಿಗೆ ಬೇಡ. ಒಬ್ಬರು ಬೀಳುವ ಬದಲು ಇಬ್ಬರೂ ಬೀಳುತ್ತಾರೆ.

ಮಾತ್ರೆ ವಿಷಯದಲ್ಲಿ ಏನು ನೋಡಿಕೊಳ್ಳಬೇಕು?

ಡಿಸ್ಚಾರ್ಜ್ ದಿನವೇ, ಬಿಲ್ ಕಟ್ಟುವ ಮುಂಚೆ, ನರ್ಸ್ ಜೊತೆ ಕೂತು ಒಂದೊಂದು ಮಾತ್ರೆಯನ್ನೂ ಕೈಯಲ್ಲಿ ಹಿಡಿದು ಕೇಳಿ: ಇದು ಯಾವುದಕ್ಕೆ, ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ? ಬಿಪಿ, ಶುಗರ್, ಥೈರಾಯ್ಡ್ ಹಳೇ ಮಾತ್ರೆಗಳನ್ನು ಮುಂದುವರಿಸಬೇಕಾ ಅಂತ ಬೇರೆಯಾಗಿ ಕೇಳಿ. ನಮ್ಮನ್ನು ಶನಿವಾರ ಸಂಜೆ ಏಳಕ್ಕೆ ಗಡಿಬಿಡಿಯಲ್ಲಿ ಕಳಿಸಿದರು. ಚೀಟಿಯಲ್ಲಿ ಶುಗರ್ ಮಾತ್ರೆಯ ಸುದ್ದಿಯೇ ಇರಲಿಲ್ಲ. ಬರೆದಿಲ್ಲ ಅಂದರೆ ಬೇಡ ಅಂತ ತಿಳಿದು ಎರಡು ದಿನ ಕೊಡಲಿಲ್ಲ. ಸೋಮವಾರ ನೋಡಿದರೆ ಶುಗರ್ 290. ಶುಗರ್ ಜಾಸ್ತಿಯಾದರೆ ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಭಯವೂ ಜಾಸ್ತಿ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ಅಥವಾ ಇಂಜೆಕ್ಷನ್ ಇರುತ್ತದೆ. ಅದನ್ನು ಹೇಳಿದಷ್ಟು ದಿನ ತಪ್ಪಿಸುವ ಹಾಗಿಲ್ಲ. ನೋವಿನ ಮಾತ್ರೆ "ಕಿಡ್ನಿಗೆ ಕೆಟ್ಟದ್ದು" ಅಂತ ನೀವೇ ನಿಲ್ಲಿಸಬೇಡಿ, ಇನ್ನೊಂದು ತಂದು ಸೇರಿಸಲೂಬೇಡಿ. ಎರಡಕ್ಕೂ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಏನೇನು ಬದಲಾಯಿಸಬೇಕು?

ನಮ್ಮ ಮನೆಗಳಲ್ಲಿ ಮೊದಲ ಶತ್ರು ಹೊಸಿಲು. ವಾಕರಿನ ಮುಂಗಾಲು ಅದಕ್ಕೆ ತಾಗಿ ನಿಂತುಬಿಡುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಎಷ್ಟು ಹೊಸಿಲು ಇದೆ ಎಣಿಸಿ. ಒಂದೂ ಇಲ್ಲದ ರೂಮಿಗೆ ಮಂಚ ಹಾಕಿ, ಅದು ಹಾಲ್ ಆದರೂ ಪರವಾಗಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟ ಮೇಲೆ ನೆಲ ಒಣಗುವ ತನಕ ಅತ್ತ ನಡೆಸಬೇಡಿ. ಕಾಲೊರಸು, ಚಾಪೆ, ಮೊಬೈಲ್ ಚಾರ್ಜರ್ ವೈರು, ಎಲ್ಲ ತೆಗೆಯಿರಿ. ರಾತ್ರಿ ಸಣ್ಣ ದೀಪ ಇರಲಿ.

ಕುರ್ಚಿಗೆ ಕೈ ಇರಬೇಕು, ಎತ್ತರ ಇರಬೇಕು, ಗಟ್ಟಿ ಇರಬೇಕು. ಸೋಫಾದಲ್ಲಿ ಹೂತುಹೋದರೆ ಏಳಿಸಲು ಇಬ್ಬರು ಬೇಕು. ಏಳಿಸುವಾಗ ಕೈ ಹಿಡಿದು ಎಳೆಯಬೇಡಿ. ಕುರ್ಚಿಯ ಕೈ ಊರಿ ಅವರೇ ಏಳಲಿ, ನೀವು ಪಕ್ಕದಲ್ಲಿ ಸೊಂಟದ ಹತ್ತಿರ ಆಸರೆ ಕೊಡಿ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ಹಾಗೇ ಬಗ್ಗಿ ಬಿಗಿಯಾಗುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿ ಕಡೆಗೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಅಮ್ಮ ಇದನ್ನು ಜಪದ ಹಾಗೆ ಗೊಣಗಿಕೊಂಡೇ ಇಳಿಯುತ್ತಿದ್ದಳು.

ಊಟದಲ್ಲಿ ಪಥ್ಯ ಏನು?

ಬದನೆಕಾಯಿ ನಂಜು, ಬೇಳೆ ತಿಂದರೆ ಕೀವು, ಮೊಸರು ಶೀತ, ಆಲೂಗಡ್ಡೆ ವಾಯು. ಒಂದೇ ದಿನ ನಾಲ್ಕು ಜನ ಹೇಳಿದ್ದನ್ನು ಒಟ್ಟು ಹಾಕಿದರೆ ಉಳಿಯುವುದು ಅನ್ನ, ಮೆಣಸಿನ ಸಾರು. ಆದರೆ ಗಾಯ ಮಾಯಲು ಬೇಕಾದ್ದೇ ಪ್ರೋಟೀನು. ಬೇಳೆ, ಹೆಸರುಕಾಳು, ಮೊಸರು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು. ಕೀವು ಬರುವುದು ಸೋಂಕಿನಿಂದ, ತೊಗರಿಬೇಳೆಯಿಂದ ಅಲ್ಲ. ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ, ಹಾಗಾಗಿ ಸೊಪ್ಪು, ಹಣ್ಣು, ನೀರು ಜಾಸ್ತಿ ಇರಲಿ. ಶುಗರ್, ಕಿಡ್ನಿ, ಹಾರ್ಟ್ ತೊಂದರೆ ಇದ್ದವರು ಡಾಕ್ಟರ್ ಹೇಳಿದ ಮಿತಿಯಲ್ಲಿರಬೇಕು.

ಹಿರಿಯರ ಜೊತೆ ವಾದ ಮಾಡಿ ಗೆಲ್ಲಲು ಹೋಗಬೇಡಿ. ನಾನು ಡಾಕ್ಟರ್ ಕೈಲೇ "ಬೇಳೆ, ಮೊಸರು ತಿನ್ನಬೇಕು" ಅಂತ ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಅವತ್ತಿಗೆ ಚರ್ಚೆ ನಿಂತಿತು.

ವ್ಯಾಯಾಮ ಅಂದರೆ ಅಳುತ್ತಾರೆ. ಬಿಟ್ಟುಬಿಡಲಾ?

ಬಿಡಬೇಡಿ. ಮಂಡಿ ಆಪರೇಷನ್ ಆದವರನ್ನು ಅವತ್ತೇ ಅಥವಾ ಮಾರನೇ ದಿನವೇ ನಿಲ್ಲಿಸಿ ನಡೆಸುತ್ತಾರೆ. ಮನೆಗೆ ಬಂದು ಮಲಗಿಬಿಟ್ಟರೆ ಮಂಡಿ ಬಿಗಿಯುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಬರುವ ಹಾಗೆ ಸಮಯ ಹೊಂದಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಮಾಡಿಸುವವರು ಅಳು ನೋಡಿ ಕರಗುವವರಾಗಿರಬಾರದು. ನಮ್ಮ ಮನೆಯಲ್ಲಿ ಅಣ್ಣ ಕರಗಿದ, ನಾನು ಕರಗಿದೆ. ಕೊನೆಗೆ ಆ ಕೆಲಸ ಮಾಡಿಸಿದ್ದು ಅಣ್ಣನ ಹತ್ತು ವರ್ಷದ ಮಗಳು. "ಅಜ್ಜಿ, ಇನ್ನೂ ನಾಲ್ಕು ಬಾಕಿ" ಅಂತ ಬೆರಳು ಮಡಚಿ ಎಣಿಸುತ್ತಾ ನಿಂತರೆ ಅಮ್ಮ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ.

ನೋಡಲು ಬರುವವರನ್ನು ಹೇಗೆ ಸಂಭಾಳಿಸುವುದು?

ಸಂಜೆ ಐದರಿಂದ ಆರೂವರೆ ಅಂತ ಒಂದು ಹೊತ್ತು ಇಟ್ಟು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿ. ಕೆಮ್ಮು, ನೆಗಡಿ ಇದ್ದವರು ಫೋನಿನಲ್ಲೇ ಮಾತಾಡಲಿ. ಮಂಚದ ಮೇಲೆ ಕೂರುವುದು ಬೇಡ. "ಏನು ತರಲಿ" ಅಂತ ಕೇಳಿದವರಿಗೆ ಹಾರ್ಲಿಕ್ಸ್ ಬಾಟಲಿ ಬದಲು ಚಪಾತಿ ಪಲ್ಯ ತರಲು ಹೇಳಿ, ನಾಚಿಕೆ ಬೇಡ. ಬಂದವರಿಗೆಲ್ಲ ಕಾಫಿ ಮಾಡುವುದೇ ಒಂದು ಕೆಲಸ, ಹಾಳೆಯಲ್ಲಿ ಅದಕ್ಕೂ ಒಂದು ಹೆಸರು ಬೇಕು. ಬಂದವರಲ್ಲಿ ಒಬ್ಬರಾದರೂ "ನಮ್ಮ ದಾಯಾದಿಯೊಬ್ಬರಿಗೆ ಇದೇ ಆಪರೇಷನ್ ಆಗಿ ಕೆಟ್ಟುಹೋಯ್ತು" ಅಂತ ಶುರು ಮಾಡುತ್ತಾರೆ. ಆಗ ಕಾಫಿ ಬೇಗ ತನ್ನಿ.

ನಾನು ಅಮೆರಿಕದಲ್ಲಿದ್ದೇನೆ. ಅಲ್ಲಿಂದ ಏನು ಮಾಡಲಿ?

ದುಡ್ಡು ಕಳಿಸಿ ಸುಮ್ನೆ ಇರಬೇಡಿ, ದಿನಕ್ಕೆ ಆರು ಸಲ ಫೋನ್ ಮಾಡಿ "ಮಾತ್ರೆ ಕೊಟ್ರಾ" ಅಂತ ಕೇಳಲೂಬೇಡಿ. ನಿಮ್ಮ ಹಗಲು ಇಲ್ಲಿಯ ರಾತ್ರಿ. ಅದನ್ನೇ ಬಳಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಸಮಯ ನಡೆಯುವಾಗ ಇಲ್ಲಿ ರಾತ್ರಿ ಎರಡು ಅಂದರೆ ಅಲ್ಲಿ ಮಧ್ಯಾಹ್ನ ಒಂದೂವರೆ. ನಿದ್ದೆ ಬಾರದ ಅಮ್ಮ ರಾತ್ರಿ ಎರಡಕ್ಕೆ ನನ್ನ ತಂಗಿಗೆ ಫೋನ್ ಮಾಡುತ್ತಿದ್ದಳು. ತಂಗಿ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದಳು. ಅಣ್ಣನಿಗೆ ನಿದ್ದೆ ಉಳಿಯಿತು. ಇನ್ಶೂರೆನ್ಸ್ ಕಾಗದ, ಫಿಸಿಯೋ ಅಪಾಯಿಂಟ್‌ಮೆಂಟ್, ಆನ್‌ಲೈನ್‌ನಲ್ಲಿ ಮಾತ್ರೆ ತರಿಸುವುದು, ಇವೆಲ್ಲ ಅಲ್ಲಿಂದಲೇ ಆಗುತ್ತದೆ. ಬರುವುದಾದರೆ ಆಪರೇಷನ್ ದಿನಕ್ಕೆ ಬರಬೇಡಿ, ಮೂರನೇ ವಾರಕ್ಕೆ ಟಿಕೆಟ್ ಮಾಡಿಸಿ.

ಹೋಮ್ ನರ್ಸ್ ಇಡುವುದು ವಾಸಿಯಾ?

ಮನೆಯಲ್ಲಿ ಗಟ್ಟಿ ಕೈ ಒಂದೇ ಇದ್ದರೆ ಇಡಿ. ಜನ ಏನಂದಾರು ಅಂತ ನೋಡಬೇಡಿ. ಆದರೆ ಏಜೆನ್ಸಿಯವರು ಕಳಿಸುವ ಎಲ್ಲರೂ ನರ್ಸ್ ಅಲ್ಲ, ಹೆಚ್ಚಿನವರು ಅಟೆಂಡರ್. ಸ್ನಾನ, ಊಟ, ನಡೆಸುವುದಕ್ಕೆ ಅಟೆಂಡರ್ ಸಾಕು. ಇಂಜೆಕ್ಷನ್, ಡ್ರೆಸ್ಸಿಂಗ್‌ಗೆ ನರ್ಸಿಂಗ್ ಓದಿದವರೇ ಬೇಕು. ಹನ್ನೆರಡು ಗಂಟೆಯೋ ಇಪ್ಪತ್ನಾಲ್ಕು ಗಂಟೆಯೋ, ವಾರದ ರಜೆ ಯಾವತ್ತು, ಅವರು ಬಾರದ ದಿನ ಬೇರೆಯವರನ್ನು ಕಳಿಸುತ್ತಾರಾ, ಪೊಲೀಸ್ ವೆರಿಫಿಕೇಷನ್ ಆಗಿದೆಯಾ, ಇಷ್ಟನ್ನು ಮೊದಲೇ ಕೇಳಿ. ಇಪ್ಪತ್ನಾಲ್ಕು ಗಂಟೆ ಅಂದರೂ ಅವರೂ ಮನುಷ್ಯರೇ, ಮಲಗಲು ಜಾಗ, ಊಟ, ನಿದ್ದೆ ಬೇಕು. ಮೊದಲೆರಡು ದಿನ ಮನೆಯವರು ಜೊತೆಗಿದ್ದು ನೋಡಿ.

ರಜೆ, ಹಣ, ಇನ್ಶೂರೆನ್ಸ್?

ತಂದೆ ತಾಯಿಯನ್ನು ನೋಡಿಕೊಳ್ಳಲು ಅಂತಲೇ ಬೇರೆ ರಜೆ ಖಾಸಗಿ ಕೆಲಸದಲ್ಲಿ ಸಿಗುವುದು ಅಪರೂಪ. ಗಳಿಕೆ ರಜೆಯೇ ಗತಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ಕೆಲಸಕ್ಕೆ ಒಂದು ದಿನದ ಲೆಕ್ಕ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರು ತಾವೇ ಆಪರೇಷನ್ ಮಾಡಿಸಿಕೊಂಡರೆ ಸಂಬಳದ 70% ವರ್ಷಕ್ಕೆ 91 ದಿನದ ತನಕ ಸಿಗುತ್ತದೆ. ಅಮ್ಮನ ಆರೈಕೆಗೆ ಹಾಕಿದ ರಜೆಗೆ ಅದು ಸಿಗುವುದಿಲ್ಲ. ಒಬ್ಬರೇ ಹದಿನೈದು ದಿನ ಹಾಕುವ ಬದಲು ಮೂವರು ಐದೈದು ದಿನ ಹಾಕಿ, ಬೇರೆ ಬೇರೆ ವಾರದಲ್ಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆಗೆ ಸಿಗುತ್ತದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಯ ಬಗ್ಗೆ ಸಹಾಯ ಮಾಡುವವರು) ಮೊದಲೇ ಕೇಳಿ. ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ ಅದರಲ್ಲಿ ಬರುವುದಿಲ್ಲ. ಖಾಸಗಿ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ನಂತರದ ಖರ್ಚಿಗೂ ಇಷ್ಟು ದಿನ ಅಂತ ಇರುತ್ತದೆ. ಫಿಸಿಯೋ, ಮಾತ್ರೆ, ಸ್ಕ್ಯಾನಿಂಗ್ ಬಿಲ್ಲನ್ನು ಡಾಕ್ಟರ್ ಚೀಟಿ ಸಮೇತ ಒಂದು ಡಬ್ಬಿಗೆ ಹಾಕಿಡಿ.

ಅಣ್ಣತಮ್ಮಂದಿರ ನಡುವೆ ದುಡ್ಡಿನ ಮಾತು ಆಪರೇಷನ್‌ಗೆ ಮುಂಚೆಯೇ ಆಗಲಿ. ಮನೆಯಲ್ಲಿದ್ದು ನೋಡಿಕೊಳ್ಳುವವರಿಂದ ದುಡ್ಡಿನ ಪಾಲು ಕೇಳಬೇಡಿ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಯಾವಾಗ ತಕ್ಷಣ ಡಾಕ್ಟರ್‌ಗೆ ಫೋನ್ ಮಾಡಬೇಕು?

ಚಳಿ ಜ್ವರ ಬಂದರೆ. ಗಾಯದಿಂದ ಕೀವು, ಕೆಟ್ಟ ವಾಸನೆ, ನಿಲ್ಲದ ರಕ್ತ ಬಂದರೆ. ಗಾಯದ ಸುತ್ತ ಕೆಂಪು ಹರಡುತ್ತಾ ಹೋದರೆ. ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು ಬಂದರೆ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಬಿದ್ದರೆ, ನೋವಿಲ್ಲ ಅಂದರೂ ತೋರಿಸಿ. ಉಸಿರು ಸಿಕ್ಕಿಕೊಂಡರೆ, ಎದೆನೋವು ಬಂದರೆ, ಮಾತು ತೊದಲಿದರೆ ಯಾರನ್ನೂ ಕೇಳುತ್ತಾ ಕೂರಬೇಡಿ, 108ಕ್ಕೆ ಮಾಡಿ. ಮನೆಗೆ ಬರುವ ದಾರಿಯ ಗುರುತು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಗಾಬರಿಯಲ್ಲಿ ನಮ್ಮ ಮನೆ ಕ್ರಾಸ್ ನಂಬರೇ ನಮಗೆ ಮರೆಯುತ್ತದೆ.

ನನಗೆ ಯಾರೂ ಇಲ್ಲ. ನಾನೇನು ಮಾಡಲಿ?

ಮೊದಲು ಡಾಕ್ಟರಿಗೆ ಹೇಳಿ. ಹೇಳಿದರೆ ಆಸ್ಪತ್ರೆಯಲ್ಲಿ ಎರಡು ದಿನ ಜಾಸ್ತಿ ಇಟ್ಟುಕೊಳ್ಳಬಹುದು, ಆರೈಕೆ ಕೇಂದ್ರ ತೋರಿಸಬಹುದು. ಅಡುಗೆಯವರು, ಪಕ್ಕದ ಮನೆಯವರು, ಹಳೇ ಸಹೋದ್ಯೋಗಿ, ಹೀಗೆ ಮೂರು ಜನರನ್ನು ಮೂರು ಸಣ್ಣ ಕೆಲಸಕ್ಕೆ ಕೇಳಿ. ದಿನಕ್ಕೆರಡು ಸಲ ಫೋನ್ ಮಾಡುವುದೂ ಒಂದು ಕೆಲಸವೇ. ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಇರಲಿ. ಹಿರಿಯ ನಾಗರಿಕರಿಗೆ 14567 ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಇರುತ್ತದೆ.

ವಾಕರ್, ಕಮೋಡ್ ಚೇರ್ ಕೊಳ್ಳುವುದಾ, ಬಾಡಿಗೆಗೆ ತರುವುದಾ?

ಮೊದಲು ನೆಂಟರ ಅಟ್ಟದ ಮೇಲೆ ಹುಡುಕಿ. ಸಿಕ್ಕೇ ಸಿಗುತ್ತದೆ. ಆದರೆ ವಾಕರಿನ ಕಾಲಿನ ರಬ್ಬರ್ ಸವೆದಿದೆಯಾ ನೋಡಿ, ಸವೆದಿದ್ದರೆ ಬದಲಾಯಿಸಿ. ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರುವ ಹಾಗೆ ಎತ್ತರ ಸರಿಮಾಡಿಸಿ. ನಾವು ಕೊಂಡ ವಾಕರ್ ಅಮ್ಮನ ನಂತರ ಚಿಕ್ಕಮ್ಮನ ಮನೆಗೆ ಹೋಯಿತು, ಅಲ್ಲಿಂದ ಅಣ್ಣನ ಆಫೀಸಿನವರೊಬ್ಬರ ತಾಯಿಗೆ. ಈಗ ನಾಲ್ಕನೇ ಮನೆಯಲ್ಲಿದೆ. ಕಮೋಡ್ ಚೇರ್ ಮಾತ್ರ ಅಮ್ಮ ಕೊಡಲು ಒಪ್ಪುತ್ತಿಲ್ಲ. ಅದರ ಮುಚ್ಚಳ ಹಾಕಿ, ಮೇಲೊಂದು ಟವೆಲ್ ಹಾಸಿ, ಹಿತ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾಳೆ.